ಇನ್ನೂರ ಎಂಬತ್ತೇಳು

ಮಾಲವಿಕಾ ಮೊದಲ ಸಲ ಆ ಅಂಗಡಿಯ ಬಾಗಿಲು ತಳ್ಳಿದಾಗ ಒಳಗೆ ಒಬ್ಬ ಮನುಷ್ಯ ಕಣ್ಣು ಮುಚ್ಚಿ, ಮೈಕಿನ ಮುಂದೆ ಕೂತು, ಸಂಖ್ಯೆಗಳನ್ನು ಎಣಿಸುತ್ತಿದ್ದ.

ಜೂನ್ ತಿಂಗಳ ಶನಿವಾರ. ಹೊಸಹಳ್ಳಿ ಮೆಟ್ರೊ ಕೆಳಗೆ ಆಟೊ ಇಳಿಯುವಾಗ ಅವಳ ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಒಂದು ಕಾಲು ಎತ್ತಿ, ಒಂದು ಕಾಲು ಎಳೆದು ನಡೆದು ಬಂದಿದ್ದಳು. ಟಕ್, ಸರ್ರ್. ಟಕ್, ಸರ್ರ್. ಆ ಸದ್ದಿಗೆ ಅವನು ಕಣ್ಣು ಬಿಟ್ಟ. ಮಾತಾಡಬೇಡಿ ಎನ್ನುವ ಹಾಗೆ ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು, ಬಾಯಿ ಅರ್ಧ ತೆರೆದು ನಿಂತಿತು. ಆಮೇಲೆ ಯಾರೋ ಭುಜ ತಟ್ಟಿ ಎಬ್ಬಿಸಿದ ಹಾಗೆ ಬೆಚ್ಚಿ, ಮತ್ತೆ ಎಣಿಕೆ ಹಿಡಿದ.

ಯಾವುದೋ ಹರಕೆ ಇರಬೇಕು ಎಂದುಕೊಂಡಳು ಮಾಲವಿಕಾ. ಅರ್ಧದಲ್ಲಿ ಕೆಡಿಸಬಾರದು ಎಂದು ಬಾಗಿಲ ಬಳಿಯೇ ನಿಂತಳು, ಕೊಕ್ಕರೆ ಹಾಗೆ, ಒಂದೇ ಕಾಲಿನ ಮೇಲೆ.

"ಆರ್ನೂರು," ಎಂದು ಅವನು ಗುಂಡಿ ಒತ್ತಿದ. "ಕೂತ್ಕಳದಲ್ವಾ ಮೇಡಂ? ನಿಂತೇ ಇದ್ರಲ್ಲ!"

"ನೀವೇ ಅಲ್ವಾ ಕೈ ತೋರಿಸಿದ್ದು?"

"ಮಾತಾಡ್ಬೇಡಿ ಅಂತ ತೋರಿಸ್ದೆ. ಕೂರ್ಬೇಡಿ ಅಂತಲ್ಲ."

"ಎರಡಕ್ಕೂ ಒಂದೇ ಕೈ ಇಟ್ಕೊಂಡ್ರೆ ನನಗೆ ಹೇಗೆ ಗೊತ್ತಾಗ್ಬೇಕು ಸಾರ್?"

ಅವನು ತನ್ನ ಕೈಯನ್ನೇ ಒಮ್ಮೆ ತಿರುಗಿಸಿ ನೋಡಿಕೊಂಡ, ತಪ್ಪು ಅದರದೇ ಎನ್ನುವ ಹಾಗೆ. ಅವಳಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗುವಾದ್ದರಿಂದ ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಿತು.

"ನಾನು ಬಂದು ನಿಮ್ಮ ರೆಕಾರ್ಡಿಂಗ್ ಹಾಳಾಯ್ತೇನೋ."

"ಬಿಡಿ, ಇನ್ನೊಂದ್ಸಲ ಎಣಿಸ್ತೀನಿ. ಆರ್ನೂರು ತಾನೆ."

ಅವನ ಹೆಸರು ಮುನಿರಾಜು. ಹೇರೋಹಳ್ಳಿಯವನು, ಮನೆತನದ ಹೊಲವೆಲ್ಲ ಸೈಟಾದ ಮೇಲೆ ಅಣ್ಣ ತಮ್ಮಂದಿರು ಮನೆ ಕಟ್ಟಿ ಬಾಡಿಗೆಗೆ ಕೊಟ್ಟುಕೊಂಡು ಕೂತರೆ, ಇವನು ಐಟಿಐ ಓದಿ ಆಂಪ್ಲಿಫೈಯರ್ ರಿಪೇರಿಗೆ ಕೂತ. ನಲವತ್ತೊಂಬತ್ತು ವರ್ಷ. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಪ್ಲೈವುಡ್ ಗೋಡೆಯ ಆಚೆಗೆ ಅವನ ಅಕ್ಕ ರಾಮಮ್ಮನ ಹೊಲಿಗೆ ಅಂಗಡಿ. ಅವಳೇ ಅವತ್ತು ದಪ್ಪ ಸೂಜಿ ತಂದು ಮಾಲವಿಕಾಳ ಚಪ್ಪಲಿಯನ್ನು ಕೈಯಿಂದ ಕಿತ್ತುಕೊಂಡಳು.

"ಈ ಚಪ್ಲೀಲಿ ಬಸವೇಶ್ವರ್ ನಗ್ರದಿಂದ ಬಂದ್ಯಾ ತಾಯಿ, ನಮ್ಮುನಿರಾಜುನ ನೋಡಕ್ಕೆ?"

"ಅಕ್ಕಾ, ಅವ್ರು ಬೋರ್ಡ್ ನೋಡಕ್ ಬಂದಿರೋದು."

"ಅದ್ನೇ ನಾನೂ ಹೇಳಿದ್ದು," ಎಂದಳು ರಾಮಮ್ಮ, ದಾರ ಕಚ್ಚುತ್ತಾ.

*

ಬೋರ್ಡು ಎಂದರೆ ಅಂಗೈಯಗಲದ ಒಂದು ಹಸಿರು ಹಲಗೆ. ಕಂಪ್ಯೂಟರಿನೊಳಗೆ ಹಾಡು ಅಂಕಿಗಳಾಗಿ ಮಲಗಿರುತ್ತದೆ; ಯುಎಸ್‌ಬಿ ತಂತಿಯಲ್ಲಿ ಬರುವ ಆ ಅಂಕಿಗಳನ್ನು ಈ ಹಲಗೆ ಸದ್ದಾಗಿ ಬದಲಿಸಿ ಕಿವಿಗೆ ಕೊಡುತ್ತದೆ. ಮುನಿರಾಜು ಅದರ ನಕ್ಷೆಯನ್ನು ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ. ದೂರ ದೂರದ ದೇಶದವರು ಮಾಡಿಕೊಂಡಿದ್ದರು. ಮಾಲವಿಕಾಳೂ ತನ್ನ ಮನೆಯ ಮೇಜಿನ ಮೇಲೆ ಒಂದನ್ನು ಬೆಸುಗೆ ಹಾಕಿ ಮಾಡಿಕೊಂಡಿದ್ದಳು. ಲಿನಕ್ಸ್ ಓಡುವ ಕಂಪ್ಯೂಟರಿನಲ್ಲಿ ಚೆನ್ನಾಗಿ ಹಾಡುತ್ತಿತ್ತು. ವಿಂಡೋಸಿಗೆ ಸಿಕ್ಕಿಸಿದರೆ ಪಟ್ ಪಟ್ ಎಂದು ಸಿಡಿಯುತ್ತಿತ್ತು. ಹಲಗೆಯ ಚಿಪ್ಪಿನೊಳಗೆ ಕೂತು ಕೆಲಸ ಮಾಡಿಸುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಅರ್ಧಕ್ಕೆ ನಿಂತಿತ್ತು. ಬರೆಯುತ್ತಿದ್ದವನು ಎಲ್ಲೋ ಹೊರದೇಶದವನು, ಮೂರು ವರ್ಷದಿಂದ ಸುದ್ದಿಯೇ ಇಲ್ಲ.

ನಕ್ಷೆ ಇದ್ದ ಇಂಟರ್ನೆಟ್ ಪುಟದ ಕೊನೆಯಲ್ಲಿ ಹೊಸಹಳ್ಳಿಯ ವಿಳಾಸ ಕಂಡು ಮಾಲವಿಕಾಳಿಗೆ ಆಶ್ಚರ್ಯವಾಗಿತ್ತು. ಇಷ್ಟು ಹತ್ತಿರ! ಅದಕ್ಕೇ ಬಂದದ್ದು.

"ನಾನು ಬರೀತೀನಿ," ಎಂದಿದ್ದಳು. "ಮೂರು ಥರದ ಕಂಪ್ಯೂಟರಲ್ಲೂ ಹಾಡೋ ಹಾಗೆ. ನನಗೆ ಬರೋ ಕೆಲಸ ಇದೊಂದೇ."

ಕಷ್ಟ ಎಲ್ಲಿತ್ತು ಎಂದರೆ, ಇದು ಪಂಕ್ತಿಯಲ್ಲಿ ಬಡಿಸುವ ಕೆಲಸದ ಹಾಗೆ. ಕಂಪ್ಯೂಟರು ಬಡಿಸುವವನು, ಹಲಗೆ ಉಣ್ಣುವವನು. ಉಣ್ಣುವವನು ಕ್ಷಣ ಕ್ಷಣಕ್ಕೂ "ಇನ್ನೊಂದು ಚೂರು", "ಸಾಕು, ತಡೀರಿ" ಎಂದು ಸನ್ನೆ ಮಾಡುತ್ತಿರಬೇಕು. ಸನ್ನೆ ತಪ್ಪಿದರೆ ಎಲೆ ಬರಿದಾಗುತ್ತದೆ, ಇಲ್ಲವೇ ಸಾರು ಹರಿದು ಹೋಗುತ್ತದೆ. ಕಿವಿಗೆ ಅದು ಪಟ್ ಎಂದು ಕೇಳುತ್ತದೆ. ಲಿನಕ್ಸಿನವನು ಕಣ್ಣು ನೋಡಿಯೇ ತಿಳಿದುಕೊಳ್ಳುತ್ತಾನೆ. ಮ್ಯಾಕಿನವನಿಗೆ ಬಾಯಿ ಬಿಟ್ಟು ಹೇಳಬೇಕು. ವಿಂಡೋಸಿನವನಿಗೆ ಅವನ ಕ್ರಮದಲ್ಲೇ, ಅವನ ಅಳತೆಯಲ್ಲೇ ಹೇಳಬೇಕು. ಮೂವರಿಗೂ ತಿಳಿಯುವ ಒಂದು ಸನ್ನೆ ಕಲಿಸುವುದೇ ಮಾಲವಿಕಾಳ ಕೆಲಸ.

ಪ್ರತಿ ಶನಿವಾರ ಮೂರು ಗಂಟೆಗೆ ಹೊಸ ಆವೃತ್ತಿ ಹಿಡಿದು ಬರುತ್ತಿದ್ದಳು. ಮುನಿರಾಜು ಮೂರು ಕಂಪ್ಯೂಟರಿಗೂ ಸಿಕ್ಕಿಸಿ ಕೇಳುತ್ತಿದ್ದ. ಕೇಳುವಾಗ ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದ. ತಪ್ಪು ಕೇಳಿಸಿದರೆ ಹುಬ್ಬು ಎತ್ತುತ್ತಿರಲಿಲ್ಲ, ಬೆರಳು ಎತ್ತುತ್ತಿದ್ದ. ಅವಳು ಕೋಡ್ ನೋಡುವ ನೆಪದಲ್ಲಿ ಆ ಬೆರಳನ್ನೇ ನೋಡುತ್ತಿದ್ದಳು. ಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಕಲೆ, ಎಳ್ಳುಕಾಳಿನಷ್ಟು.

"ಹಾಡು ಹಾಕಿ ಟೆಸ್ಟ್ ಮಾಡಬಹುದಲ್ಲ? ಯಾಕೆ ಒಂದು ಎರಡು ಮೂರು?" ಎಂದು ಒಂದು ದಿನ ಕೇಳಿದಳು.

"ಹಾಡು ಹಾಕಿದ್ರೆ ಮನಸು ಹಾಡಿನ ಹಿಂದೆ ಹೋಯ್ತದೆ ಮೇಡಂ. ತಪ್ಪು ಕೇಳ್ಸಲ್ಲ. ಲೆಕ್ಕದ ಹಿಂದೆ ಯಾರ ಮನಸು ಹೋಗುತ್ತೆ?"

ಅವಳು ಕನ್ನಡಕ ಒರೆಸಿಕೊಂಡಳು.

*

ಬಸವೇಶ್ವರನಗರದ ಮೂರನೇ ಹಂತದಲ್ಲಿ ಅವಳ ಮನೆ, ಮೊದಲ ಮಹಡಿ. ಕೆಳಗೆ ಟ್ಯೂಷನ್ ಸೆಂಟರು. ಸಂಜೆ ಆರಕ್ಕೆ ಮಕ್ಕಳು ಹೋದರೆ ಮೆಟ್ಟಿಲ ಮೇಲೆ ಮರುದಿನದ ತನಕ ಒಂದು ಹೆಜ್ಜೆಯೂ ಕೇಳುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಮದುವೆ ಮುರಿದಿತ್ತು, ಜಗಳವೂ ಇಲ್ಲದೆ, ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ. ಜಗಳವಾಡಿದ್ದರೆ ನೆನೆಸಿಕೊಳ್ಳಲು ಒಂದು ಧ್ವನಿಯಾದರೂ ಉಳಿಯುತ್ತಿತ್ತು ಎಂದು ಅವಳಿಗೆ ಕೆಲವು ಸಲ ಅನ್ನಿಸುತ್ತಿತ್ತು.

ಒಬ್ಬಳಿಗೆ ಅಡುಗೆ ಮಾಡಿದರೆ ಕುಕ್ಕರಿಗೂ ಸಂಕೋಚ. ಒಂದೇ ಒಂದು ಕೂಗು ಹಾಕಿ ಸುಮ್ಮನಾಗುತ್ತಿತ್ತು. ಹಾಲಿನ ಪ್ಯಾಕೆಟ್ ಬಾಗಿಲ ಚಿಲಕಕ್ಕೆ ತೂಗುವ ಸದ್ದು, ಎದುರು ಮನೆಯ ಟೀವಿ, ಸಂಜೆ ಪಾನಿಪೂರಿ ಗಾಡಿಯ ಗಂಟೆ. ಎಲ್ಲವೂ ಬೇರೆಯವರಿಗಾಗಿ ಆಗುವ ಸದ್ದುಗಳು. ದಿನಗಟ್ಟಲೆ ಯಾರ ಜೊತೆಗೂ ಮಾತಿಲ್ಲದೆ ಕಳೆದು, ಫೋನು ಬಂದಾಗ ಹಲೋ ಎನ್ನಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಆ ಮನೆಗೆ ಈಗ ಒಂದು ಧ್ವನಿ ಬಂದಿತ್ತು.

ಮುನಿರಾಜು ಪರೀಕ್ಷೆಯ ಫೈಲನ್ನು ಪುಟದಲ್ಲಿ ಹಾಕಿದ್ದ. ಒಂದರಿಂದ ಆರುನೂರು, ಹನ್ನೆರಡೂವರೆ ನಿಮಿಷ. ಬೆಳಗಿನ ಕಾಫಿ ಹಿಡಿದು, ಹಲಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿ ಅವಳು ಕೇಳುತ್ತಿದ್ದಳು. ಪರೀಕ್ಷೆಗಾಗಿ ಕೇಳುತ್ತಿದ್ದಳು ಎಂದರೆ ಸುಳ್ಳಲ್ಲ. ನೂರರ ಹತ್ತಿರ ಅವನು ಉಗುಳು ನುಂಗುತ್ತಾನೆ. ಇನ್ನೂರು ದಾಟುವಾಗ ಧ್ವನಿ ಒಂದು ಮೆಟ್ಟಿಲು ಇಳಿಯುತ್ತದೆ. ಮುನ್ನೂರರ ಹಿಂದೆ ಎಲ್ಲೋ ಒಂದು ಬಿಡುವಿದೆ, ನೀರು ಕುಡಿಯುತ್ತಾನೆ ಪಾಪ. ಆ ಬಿಡುವು ಆದಮೇಲೆ ಧ್ವನಿ ಬೇರೆಯೇ. ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ ಬೆಚ್ಚಗೆ. ಯಾಕೆ ಹಾಗೆ ಎಂದು ಅವಳು ಕೇಳಿಕೊಳ್ಳಲಿಲ್ಲ. ಬೆಚ್ಚಗಿದ್ದದ್ದೇ ಸಾಕಾಗಿತ್ತು.

*

ಅಕ್ಟೋಬರಿಗೆ ಫರ್ಮ್‌ವೇರ್ ಮುಗಿಯಿತು. ಮೂರೂ ಕಂಪ್ಯೂಟರಿನಲ್ಲಿ ಒಂದು ಪಟ್ ಇಲ್ಲ.

"ಬಿಡುಗಡೆ ಮಾಡೋಣ್ವಾ ಹಂಗಾದ್ರೆ?" ಎಂದ ಮುನಿರಾಜು. ಸಂತೋಷದ ಮಾತನ್ನು ಅವನು ಬಾಗಿಲ ಕಡೆ ನೋಡಿಕೊಂಡು ಹೇಳಿದ.

"ಮಾಡೋಣ," ಎಂದಳು ಮಾಲವಿಕಾ. ಅವಳು ತನ್ನ ಚೀಲದ ಜಿಪ್ಪನ್ನು ನೋಡಿಕೊಂಡು ಹೇಳಿದಳು.

ಬಿಡುಗಡೆಯಾದರೆ ಶನಿವಾರಕ್ಕೆ ಕೆಲಸವಿಲ್ಲ. ಕೆಲಸವಿಲ್ಲದೆ ಒಬ್ಬ ಹೆಂಗಸು, ನಲವತ್ತನಾಲ್ಕು ವರ್ಷದವಳು, ಆಂಪ್ಲಿಫೈಯರ್ ಅಂಗಡಿಗೆ ಯಾವ ಮುಖ ಹೊತ್ತು ಬರುವುದು? ಮನೆಗೆ ಹೋಗುವ ಆಟೊದಲ್ಲಿ ಅವಳು ಇದನ್ನೇ ಯೋಚಿಸಿದಳು. ದಾರಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ನೂರಾ ಇಪ್ಪತ್ತರಿಂದ ಹಿಂದಕ್ಕೆ ಎಣಿಸುತ್ತಿತ್ತು. ಅದರ ಎಣಿಕೆಗೆ ಧ್ವನಿ ಇರಲಿಲ್ಲ.

ಕೊನೆಯ ಪರೀಕ್ಷೆಗೆಂದು ಅವಳು ಒಂದರಿಂದ ಆರುನೂರರವರೆಗೆ ಹಾಳೆಯಲ್ಲಿ ಬರೆದುಕೊಂಡು, ಪೆನ್ಸಿಲ್ ಹಿಡಿದು, ಒಂದೊಂದೇ ಗೀಟು ಹಾಕುತ್ತಾ ಕೇಳಿದಳು. ಅಲ್ಲಿಯವರೆಗೆ ಧ್ವನಿ ಕೇಳಿದ್ದಳು, ಸಂಖ್ಯೆ ಕೇಳಿರಲಿಲ್ಲ. ಇನ್ನೂರ ಎಂಬತ್ತಾರು ಆಯಿತು. ಬಿಡುವು ಬಂತು. ಆಮೇಲೆ ಇನ್ನೂರ ಎಂಬತ್ತೆಂಟು.

ಪೆನ್ಸಿಲ್ ನಿಂತಿತು. ಮತ್ತೆ ಕೇಳಿದಳು. ಇನ್ನೂರ ಎಂಬತ್ತೇಳು ಇಲ್ಲ.

ಗಡಿಯಾರ ನೋಡಿದಳು. ತಪ್ಪು ಬಿದ್ದದ್ದು ಶುರುವಾಗಿ ಐದು ನಿಮಿಷ ಐವತ್ತೆಂಟು ಸೆಕೆಂಡಿಗೆ. ಚಿಪ್ಪಿನೊಳಗೆ ಒಂದು ಎಣಿಕೆ, ಅಂದರೆ ಕೌಂಟರ್, ಓಡುತ್ತಿರುತ್ತದೆ. ಸೆಕೆಂಡಿಗೆ ಒಂದು ಕೋಟಿ ಇಪ್ಪತ್ತು ಲಕ್ಷ. ಅದು ತುಂಬಿ ತುಳುಕಿ ಮತ್ತೆ ಸೊನ್ನೆಗೆ ಬೀಳುವುದು ಸರಿಯಾಗಿ ಐದು ನಿಮಿಷ ಐವತ್ತೆಂಟು ಸೆಕೆಂಡಿಗೆ. ಇಂಥ ಕೆಲಸ ಮಾಡುವ ಯಾರಿಗಾದರೂ ಅದನ್ನು ನೋಡಿದ ಮೇಲೆ ಬೇರೆ ಕಡೆ ನೋಡಲು ಮನಸ್ಸು ಬಾರದು.

ತಪ್ಪು ಸಿಕ್ಕಿದ್ದಕ್ಕೆ ಬೇಸರವಾಗಬೇಕಿತ್ತು. ಅವಳು ಎದ್ದು ಇನ್ನೊಂದು ಲೋಟ ಕಾಫಿ ಮಾಡಿಕೊಂಡಳು, ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿ.

*

"ಅದೊಂದೇನಾ ಇಲ್ದಿರೋದು?" ಎಂದ ಮುನಿರಾಜು ಮುಂದಿನ ಶನಿವಾರ. ಬೆಸುಗೆ ಕಡ್ಡಿ ಕೈಯಲ್ಲೇ ಹೊಗೆಯಾಡುತ್ತಿತ್ತು.

"ಅದೊಂದೇ. ವಿಂಡೋಸಲ್ಲಿ. ನಿಮ್ಮ ಮ್ಯಾಕಲ್ಲಿ, ಲಿನಕ್ಸಲ್ಲಿ ನೋಡಿ ಹೇಳಿ."

ಸೋಮವಾರ ಮೆಸೇಜ್ ಬಂತು: ಮೂರರಲ್ಲೂ ಇಲ್ಲ ಮೇಡಂ.

ಅದರ ಮುಂದಿನ ಶನಿವಾರ ಅವಳು ಕೇಳಿಯೂ ಬಿಟ್ಟಳು. "ಫೈಲಲ್ಲೇ ಏನೂ ತಪ್ಪಿಲ್ಲ ಅಲ್ವಾ? ನೀವೇ ಎಣಿಸಿದ್ದಲ್ವಾ?"

"ನಾನೇ ಎಣಿಸ್ದೆ ಮೇಡಂ," ಎಂದ ಅವನು, ಮೇಜಿನ ಮೇಲಿನ ಸ್ಕ್ರೂಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ. "ಆರ್ನೂರ ತನಕ."

"ಹಾಗಿದ್ರೆ ಕೌಂಟರೇ. ಬೇರೆ ಏನೂ ಇರಕ್ಕೆ ಸಾಧ್ಯ ಇಲ್ಲ."

"ಹುಡುಕಿ. ಆತುರ ಏನೈತೆ?"

ಇಂಚು ಪಟ್ಟಿ ಇಲ್ಲದೆ ಎರಡು ತೂತಿನ ನಡುವಿನ ದೂರ ಹೇಳುವ ಮನುಷ್ಯ. ಅವನು ಎಣಿಕೆ ತಪ್ಪಿಯಾನು ಎಂದು ಮಾಲವಿಕಾಳಿಗೆ ಹೊಳೆಯಲೇ ಇಲ್ಲ. ತನ್ನ ಕೆಲಸದ ಮೇಲೆ ಅನುಮಾನ ಪಡುವುದು ಅವಳಿಗೆ ಹೆಚ್ಚು ಸುಲಭವಾಗಿತ್ತು.

ಆರು ಶನಿವಾರ ಹೋದವು. ಕೌಂಟರ್ ಭಾಗವನ್ನು ಬಿಚ್ಚಿ ಹೊಸದಾಗಿ ಬರೆದಳು. ಇನ್ನೂರ ಎಂಬತ್ತೇಳು ಬರಲಿಲ್ಲ. ಸನ್ನೆ ಕೊಡುವ ಭಾಗವನ್ನೂ ಬದಲಿಸಿದಳು. ಮ್ಯಾಕಿನಲ್ಲಿ ಹೊಸದಾಗಿ ಪಟ್ ಶುರುವಾಯಿತು. ಹೊರದೇಶದಿಂದ ಯಾರೋ ಪುಟದಲ್ಲಿ ಬರೆದರು: ಹಳೆಯದೇ ಚೆನ್ನಾಗಿತ್ತು, ಇದನ್ನು ಯಾಕೆ ಕೆಡಿಸುತ್ತಿದ್ದೀರಿ? ಅವಳು ಅದನ್ನು ಬೆಳಿಗ್ಗೆ ಹಲ್ಲುಜ್ಜುವಾಗ ಓದಿ, ಕನ್ನಡಿಯಲ್ಲಿ ತನ್ನ ಮುಖ ನೋಡದೆ ಹೊರಗೆ ಬಂದಳು.

ಶನಿವಾರದ ಮೂರು ಗಂಟೆ ಮಾತ್ರ ಹಾಗೇ ಇತ್ತು. ಬೈಟು ಕಾಫಿ. ರಾಮಮ್ಮನ ಮಿಷನ್ನಿನ ಸದ್ದು.

"ಇನ್ನೂ ಸಿಗ್ಲಿಲ್ವಾ ತಾಯಿ ಅದೆಂಥದೋ?"

"ಇಲ್ಲ ರಾಮಮ್ಮ."

"ಸಿಗದು ಬ್ಯಾಡ ಬಿಡು. ಸಿಕ್ಬುಟ್ರೆ ಇವ್ನು ಮತ್ತೆ ಮೂತಿ ಗಂಟು ಹಾಕ್ಕಂಡು ಕುಂತ್ಕತಾನೆ."

"ಅಕ್ಕಾ! ನಿನ್ ಕೆಲಸ ನೋಡ್ಕೊ."

ಮುನಿರಾಜುವಿನ ಕಿವಿ ಕೆಂಪಾಗಿತ್ತು. ಮಾಲವಿಕಾ ಲೋಟದೊಳಗೆ ನಕ್ಕಳು.

*

ಡಿಸೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಕರೆಂಟು ಹೋಯಿತು. ಹಳೆಯ ಲ್ಯಾಪ್‌ಟಾಪು, ಬ್ಯಾಟರಿ ಸತ್ತು ವರ್ಷವಾಗಿತ್ತು. ಮುನಿರಾಜು ಇನ್ನೂರ ಹತ್ತರಲ್ಲಿ ಬಾಯಿ ಮುಚ್ಚಿದ. ಅರ್ಧ ಗಂಟೆ ಬಿಟ್ಟು ಕರೆಂಟು ಬಂದಾಗ ಪರದೆ ಕೇಳಿತು: ಬಿಟ್ಟಲ್ಲಿಂದ ಮುಂದುವರಿಸಬೇಕೇ? ಒಗ್ಗರಣೆಗೆ ಸಾಸಿವೆ ಹಾಕುವ ಆತುರದಲ್ಲಿ ಅವಳು ಹೌದು ಎಂದು ಒತ್ತಿದಳು.

ಇನ್ನೂರ ಹನ್ನೊಂದು. ಇನ್ನೂರ ಹನ್ನೆರಡು.

ಚಿಪ್ಪಿನ ಎಣಿಕೆ ಈಗ ಸೊನ್ನೆಯಿಂದ ಶುರುವಾಗಿತ್ತು. ಅದು ತುಂಬಲು ಇನ್ನೂ ಆರು ನಿಮಿಷ ಬೇಕು. ಇನ್ನೂರ ಎಂಬತ್ತೇಳು ಈ ಸಲ ಕೇಳಿಸಲೇಬೇಕು.

ಇನ್ನೂರ ಎಂಬತ್ತಾರು. ಬಿಡುವು. ಇನ್ನೂರ ಎಂಬತ್ತೆಂಟು.

ಸಾಸಿವೆ ಸಿಡಿದು ಕಪ್ಪಾಯಿತು. ತಪ್ಪು ಚಿಪ್ಪಿನದಲ್ಲ, ಫೈಲಿನದು. ಅವಳು ಒಲೆ ಆರಿಸಿ ಬಂದು, ಫೈಲನ್ನು ಬಿಚ್ಚಿ, ಆ ಬಿಡುವಿನ ನಾಲ್ಕು ಸೆಕೆಂಡನ್ನು ಮಾತ್ರ ಹಿಡಿದು, ಸದ್ದನ್ನು ಎಷ್ಟು ಏರಿಸಬಹುದೋ ಅಷ್ಟು ಏರಿಸಿದಳು. ಮೊದಲು ಬರೀ ಗಾಳಿ. ಆಮೇಲೆ ಬಾಗಿಲ ಕೀಲಿನ ಸಣ್ಣ ನರಳಿಕೆ. ಆಮೇಲೆ, ಬಹಳ ದೂರದಿಂದ ಬಂದ ಹಾಗೆ:

ಟಕ್, ಸರ್ರ್. ಟಕ್, ಸರ್ರ್.

ಮತ್ತು ಒಬ್ಬ ಗಂಡಸು ಉಸಿರು ಒಳಗೆ ಎಳೆದುಕೊಂಡು, ಬಿಡುವುದನ್ನು ಮರೆತದ್ದು.

ಇಷ್ಟು ಸಣ್ಣ ಸದ್ದನ್ನು ಕೆಡಿಸದೆ ತಂದುಕೊಟ್ಟದ್ದು ಅವರಿಬ್ಬರೂ ಕೂಡಿ ಮಾಡಿದ ಹಲಗೆಯೇ. ಮಾಲವಿಕಾ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಒಂದು ಗಳಿಗೆ ಮೈಯೆಲ್ಲ ಹೂವಾಯಿತು. ಮರುಗಳಿಗೆ ಆರು ವಾರ ನೆನಪಾಯಿತು, ಹರಿದು ಹಾಕಿದ ತನ್ನ ಕೆಲಸ ನೆನಪಾಯಿತು, ಸ್ಕ್ರೂ ಸರಿಸುತ್ತಿದ್ದ ಆ ಬೆರಳು ನೆನಪಾಯಿತು.

*

"ಇವತ್ತು ಬುಧವಾರ," ಎಂದ ಮುನಿರಾಜು, ಅವಳು ಬಾಗಿಲು ತೆಗೆದಾಗ.

"ನಾನು ಬಂದ ಮೊದಲ ದಿನದ್ದೇ ಹಾಕಿದೀರ ಅಲ್ವಾ ಪುಟದಲ್ಲಿ?"

ಅವನು ಎದ್ದು ನಿಂತ. ಸುಳ್ಳು ಹೇಳಲಿಲ್ಲ.

"ಇನ್ನೊಂದ್ಸಲ ಎಣಿಸ್ತೀನಿ ಅಂದಿದ್ರಿ."

"ಎಣಿಸ್ದೆ. ಮೂರು ಸಲ ಎಣಿಸ್ದೆ ಮೇಡಂ. ಎಲ್ಲಾ ಸರ್ಯಾಗೇ ಬಂತು. ಆದ್ರೆ ಅದ್ಯಾವುದ್ರಲ್ಲೂ ನೀವಿರ್ಲಿಲ್ಲ."

ಪ್ಲೈವುಡ್ಡಿನ ಆಚೆ ಹೊಲಿಗೆ ಮಿಷನ್ ನಿಂತಿತು.

"ಒಂದು ಸಂಖ್ಯೆ ಬಿಟ್ಟುಹೋಗಿದೆ ಅಂತ ಗೊತ್ತಿತ್ತಾ?"

"ಹಾಕುವಾಗ ಗೊತ್ತಿರ್ಲಿಲ್ಲ. ನೀವು ಬಂದು ಹೇಳಿದ್ರಲ್ಲ, ಅವತ್ತು ಸಂಜೆ ಕೇಳ್ದೆ. ಗೊತ್ತಾಯ್ತು."

"ಅವತ್ತೇ ಹೇಳಬಹುದಿತ್ತು!"

"ಹೇಳಿದ್ರೆ ಬಿಡುಗಡೆ ಆಗೋಗ್ತಿತ್ತು. ಆಮೇಲ್ ನೀವ್ಯಾಕೆ ಬರ್ತೀರಾ ಇಲ್ಲಿಗೆ?"

ಆ ಮಾತು ಅವಳದೇ ಮಾತಾಗಿತ್ತು. ಆಟೊದಲ್ಲಿ, ಕೆಂಪು ದೀಪದ ಮುಂದೆ, ಅವಳೇ ಅಂದುಕೊಂಡದ್ದು. ಆದರೂ ಕೋಪ ಅದನ್ನು ಕೇಳಿಸಿಕೊಳ್ಳಲಿಲ್ಲ.

"ನನಗೆ ಈ ಪ್ರಪಂಚದಲ್ಲಿ ಸರಿಯಾಗಿ ಬರೋದು ಒಂದೇ ಕೆಲಸ, ಮುನಿರಾಜು. ಮದುವೆ ಬರಲಿಲ್ಲ, ಜನರ ಜೊತೆ ಮಾತಾಡೋದು ಬರಲಿಲ್ಲ. ಕೋಡ್ ಬರುತ್ತೆ ಅಂದ್ಕೊಂಡಿದ್ದೆ. ಆರು ವಾರ ಅದೂ ಬರಲ್ಲ ಅಂದ್ಕೊಂಡು ಬದುಕಿದೀನಿ. ನೀವು ಎದುರಿಗೇ ಕೂತು ನೋಡ್ತಾ ಇದ್ರಿ."

"ಅದು... ಅದು ನಂಗ್ ಹೊಳೀಲಿಲ್ಲ ಮೇಡಂ. ನೀವು ಬರ್ತೀರ ಅನ್ನೋದೊಂದೇ ನೋಡ್ಕಂಡೆ. ತಪ್ಪಾಯ್ತು."

ಹಿಂದೆ ತೀರಿಕೊಂಡ ಹೆಂಡತಿಯ ಹೆಸರಿದ್ದ ಅಂಗಡಿಯ ಹಳೆಯ ನಾಮಫಲಕ, ಮುಂದೆ ಬಿಚ್ಚಿದ ಆಂಪ್ಲಿಫೈಯರು. ಆ ಎರಡರ ನಡುವೆ ಅವನು ಕೈ ಜೋಡಿಸಲೂ ತಿಳಿಯದೆ ನಿಂತಿದ್ದ. ಮಾಲವಿಕಾ ಹೊರಗೆ ನಡೆದಳು. ರಾಮಮ್ಮ ಬಾಗಿಲಿಂದ ಸರಿದು ದಾರಿ ಬಿಟ್ಟಳು.

*

ಎರಡು ಶನಿವಾರ ಬಂದು ಹೋದವು.

ಮೊದಲನೆಯ ಶನಿವಾರ ಮೂರು ಗಂಟೆಗೆ ಅವಳು ಬಟ್ಟೆ ಒಣಹಾಕಿದಳು. ಎರಡನೆಯದರಲ್ಲಿ ಫ್ರಿಜ್ ಒರೆಸಿದಳು. ಮನೆ ಮೊದಲಿನ ಹಾಗೇ ನಿಶ್ಶಬ್ದವಾಗಿತ್ತು. ಆದರೆ ಮೊದಲು ಅದು ಬರೀ ನಿಶ್ಶಬ್ದ. ಈಗ ಅದರಲ್ಲಿ ಒಂದು ಸಂಖ್ಯೆ ಬಿಟ್ಟುಹೋದ ಹಾಗೆ ಕೇಳುತ್ತಿತ್ತು.

ಆರು ವಾರದ ಬದಲಾವಣೆಯನ್ನೆಲ್ಲ ಅಳಿಸಿ ಅಕ್ಟೋಬರಿನ ಆವೃತ್ತಿಯನ್ನು ತಿರುಗಿ ಹಾಕಿದಳು. ಅದು ಚೆನ್ನಾಗಿತ್ತು. ಒಂದು ಸಾಲೂ ತಪ್ಪಿರಲಿಲ್ಲ. ಅದನ್ನು ಓದುತ್ತಾ ಕೂತಿರುವಾಗ ಒಂದು ಪ್ರಶ್ನೆ ಎದುರಿಗೆ ಬಂದು ನಿಂತಿತು.

ನಡುವಿನಿಂದ ಕೇಳಿಸಿ ನೋಡುವ ಪರೀಕ್ಷೆ ಎಷ್ಟು ಹೊತ್ತಿನದು? ಎರಡು ನಿಮಿಷ. ಈ ಕೆಲಸಕ್ಕೆ ಹೊಸದಾಗಿ ಸೇರಿದವರೂ ಮೊದಲ ದಿನವೇ ಮಾಡುತ್ತಾರೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನಾನು ಯಾಕೆ ಮಾಡಲಿಲ್ಲ?

ಉತ್ತರ ಅವಳಿಗೆ ಗೊತ್ತಿತ್ತು. ನಡುವಿನಿಂದ ಶುರುಮಾಡಿದರೆ ಒಂದು, ಎರಡು, ಮೂರು ತಪ್ಪಿಹೋಗುತ್ತಿತ್ತು. ನೂರರ ಹತ್ತಿರ ಉಗುಳು ನುಂಗುವುದು ತಪ್ಪಿಹೋಗುತ್ತಿತ್ತು. ದಿನಾ ಬೆಳಿಗ್ಗೆ ಮೊದಲಿನಿಂದಲೇ ಬೇಕಾಗಿತ್ತು ಅವಳಿಗೆ. ಅವನು ಬಾಯಿ ಮುಚ್ಚಿಕೊಂಡು ತಪ್ಪು ಮಾಡಿದ. ಅವಳು ಕಿವಿ ತೆರೆದುಕೊಂಡು ಮಾಡಿದಳು.

ಗುರುವಾರ ಪುಟ ತೆರೆದರೆ, ಎಲ್ಲರೂ ಇಂಗ್ಲಿಷಿನಲ್ಲಿ ಬರೆಯುವ ಆ ಜಾಗದಲ್ಲಿ, ಕನ್ನಡ ಕಂಡಿತು.

"ಈ ದೋಷ ಫರ್ಮ್‌ವೇರಿನದಲ್ಲ. ಪರೀಕ್ಷೆಯ ಫೈಲಿನದು. ಎಣಿಸಿದವನು ನಾನು. ಇನ್ನೂರ ಎಂಬತ್ತಾರು ಆದಮೇಲೆ ಬಾಗಿಲು ತೆರೆಯಿತು, ನನಗೆ ಎಣಿಕೆ ತಪ್ಪಿತು. ಗೊತ್ತಾದ ಮೇಲೂ ಆರು ವಾರ ಮುಚ್ಚಿಟ್ಟೆ. ಫರ್ಮ್‌ವೇರ್ ಬರೆದವರ ಕೆಲಸದಲ್ಲಿ ಅಕ್ಟೋಬರಿನಲ್ಲೇ ಒಂದು ತಪ್ಪೂ ಇರಲಿಲ್ಲ. ಇದು ಎಲ್ಲರಿಗೂ ತಿಳಿಯಲಿ. ಶನಿವಾರ ಮೂರು ಗಂಟೆಗೆ ಮತ್ತೆ ಎಣಿಸಿ ಸರಿಯಾದ ಫೈಲ್ ಹಾಕುತ್ತೇನೆ. ಮುನಿರಾಜು, ಹೊಸಹಳ್ಳಿ."

ಕೆಳಗೆ ಯಾವುದೋ ದೇಶದವರು, ಯಂತ್ರದಿಂದ ಅನುವಾದ ಮಾಡಿಸಿಕೊಂಡು ಓದಿರಬೇಕು, ಒಂದೇ ಸಾಲು ಕೇಳಿದ್ದರು: ಬಾಗಿಲು ತೆರೆದದ್ದು ಯಾರು?

ಮುನಿರಾಜು ಅದಕ್ಕೆ ಉತ್ತರ ಕೊಟ್ಟಿರಲಿಲ್ಲ.

*

ಶನಿವಾರ ಮೂರು ಗಂಟೆಗೆ ಇನ್ನೂ ಎರಡು ನಿಮಿಷವಿತ್ತು. ಮಾಲವಿಕಾ ಹೊಲಿಗೆ ಅಂಗಡಿಯೊಳಗೆ ತಲೆ ಹಾಕಿದಳು. ರಾಮಮ್ಮ ಮಿಷನ್ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಸದ್ದು ಮಾಡ್ಬ್ಯಾಡ ಅಂತ ನನ್ ಮಿಷನ್ನೂ ನಿಲ್ಸವ್ನೆ ನೋಡು ತಾಯಿ," ಎಂದು ಪಿಸುಗುಟ್ಟಿದಳು. "ಬಂದ್ಯಾ? ಒಳಿಕ್ ಹೋಗು."

"ಈಗಲ್ಲ ರಾಮಮ್ಮ."

"ಮತ್ಯಾವಾಗ? ಮೂರ್ತ ನೋಡ್ಕಂಡಾ?"

"ಹಾಗೇ ಅಂದ್ಕೊಳ್ಳಿ."

ಪ್ಲೈವುಡ್ಡಿನ ಆಚೆ ಧ್ವನಿ ಶುರುವಾಯಿತು. ಒಂದು. ಎರಡು. ಮೂರು. ಮಾಲವಿಕಾ ಸ್ಟೂಲಿನ ಮೇಲೆ ಕೂತು, ತಲೆಯನ್ನು ಗೋಡೆಗೆ ಒರಗಿಸಿ ಕೇಳಿದಳು. ಹೆಡ್‌ಫೋನ್ ಇಲ್ಲ, ಹಲಗೆ ಇಲ್ಲ, ನಡುವೆ ಬರೀ ಒಂದು ಮರದ ಹಾಳೆ. ನೂರರ ಹತ್ತಿರ ಉಗುಳು ನುಂಗಿದ. ಇನ್ನೂರಕ್ಕೆ ಒಂದು ಮೆಟ್ಟಿಲು ಇಳಿದ.

ಇನ್ನೂರ ಐವತ್ತಕ್ಕೆ ಅವಳು ಎದ್ದಳು. ರಾಮಮ್ಮ ಅವಳ ಕಾಲನ್ನು ನೋಡಿದಳು. ಅದೇ ಚಪ್ಪಲಿ, ತಾನೇ ಹಾಕಿದ ಹೊಲಿಗೆ.

ಕೀಲು ನರಳದ ಹಾಗೆ ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಿದಳು. ಹೊಲಿದ ಚಪ್ಪಲಿ ಈ ಸಲ ಸದ್ದು ಮಾಡಲಿಲ್ಲ. ಮುನಿರಾಜು ಕಣ್ಣು ಮುಚ್ಚಿಕೊಂಡು ಎಣಿಸುತ್ತಿದ್ದ. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು. ಪರೀಕ್ಷೆ ಬರೆಯುವ ಮಗುವಿನ ಹಾಗೆ ಒಂದೊಂದು ಸಂಖ್ಯೆಗೂ ಒಂದೊಂದು ಬೆರಳು ಮಡಚುತ್ತಿದ್ದ.

"ಇನ್ನೂರ ಎಂಬತ್ತೈದು. ಇನ್ನೂರ ಎಂಬತ್ತಾರು."

ಆ ಜಾಗ ಬಂತೆಂದು ಅವನಿಗೂ ಗೊತ್ತಿತ್ತು. ಹಳ್ಳ ದಾಟುವವನ ಹಾಗೆ ಒಮ್ಮೆ ಉಸಿರು ಎಳೆದುಕೊಂಡ.

"ಇನ್ನೂರ ಎಂಬತ್ತೇಳು," ಎಂದಳು ಮಾಲವಿಕಾ.

ಅವನು ಕಣ್ಣು ಬಿಟ್ಟ.

ಅವಳು ಕೈ ಎತ್ತಿದಳು, ಅವನು ಅವತ್ತು ಎತ್ತಿದ ಹಾಗೇ. ಮಾತಾಡಬೇಡಿ, ನಿಲ್ಲಿಸಬೇಡಿ, ಮುಂದೆ ಎಣಿಸಿ. ಎಲ್ಲಕ್ಕೂ ಅದೊಂದೇ ಕೈ. ಈ ಸಲ ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ.

"ಇನ್ನೂರ... ಎಂಬತ್ತೆಂಟು," ಎಂದ ಮುನಿರಾಜು. ಧ್ವನಿ ಮುನ್ನೂರರ ತನಕ ನಡುಗುತ್ತಲೇ ಇತ್ತು. ಮಾಲವಿಕಾ ಕುರ್ಚಿ ಎಳೆಯದೆ, ಮೆಲ್ಲನೆ ಅದರ ಮೇಲೆ ಕೂತಳು. ಅವನು ಅವಳನ್ನು ನೋಡುತ್ತಲೇ ಆರುನೂರರವರೆಗೆ ಎಣಿಸಿದ, ಒಂದೂ ತಪ್ಪದೆ.

ಗುಂಡಿ ಒತ್ತಿದ.

"ಇದು ಹಾಳಾಯ್ತಲ್ಲ ಮೇಡಂ," ಎಂದ. "ಇನ್ನೊಂದ್ಸಲ ಎಣಿಸ್ಬೇಕಾ?"

"ಬೇಡ. ಇದನ್ನೇ ಹಾಕಿ. ಮತ್ತೆ ಮುನಿರಾಜು, ನಾನು ಹೇಳೋದೂ ಒಂದಿದೆ. ನಡುವಿಂದ ಕೇಳಿ ನೋಡಿದ್ರೆ ಎರಡೇ ನಿಮಿಷಕ್ಕೆ ತಪ್ಪು ಸಿಗ್ತಿತ್ತು. ನಾನು ಕೇಳಲಿಲ್ಲ."

"ಯಾಕೆ?"

"ಲೆಕ್ಕದ ಹಿಂದೆ ಯಾರ ಮನಸು ಹೋಗುತ್ತೆ ಅಂತ ಕೇಳಿದ್ರಲ್ಲ ನೀವು."

ಅವನು ಸ್ಕ್ರೂ ಡಬ್ಬಿಗೆ ಕೈ ಹಾಕಿದ. ಅವಳು ಆ ಕೈಯ ಮೇಲೆ, ಎಳ್ಳುಕಾಳಿನಷ್ಟು ಸುಟ್ಟ ಕಲೆಯ ಮೇಲೆ, ತನ್ನ ಬೆರಳಿಟ್ಟಳು.

"ಬಿಡುಗಡೆ ಇವತ್ತೇ ಆಗ್ಲಿ. ಮುಂದಿನ ಶನಿವಾರಾನೂ ಬರ್ತೀನಿ. ಕೆಲಸ ಏನೂ ಇಲ್ಲ, ಸುಮ್ನೆ. ಆದ್ರೆ ಮೇಡಂ ಅನ್ನೋದು ನಿಲ್ಲಿಸಬೇಕು."

"ಮತ್ತೇನನ್ಲಿ?"

"ಎಸ್ರಿಲ್ವೇನೋ ಅದುಕ್ಕೆ, ದಡ್ಡ ನನ್ಮಗ್ನೆ!" ಎಂದು ಪ್ಲೈವುಡ್ಡಿನ ಆಚೆಯಿಂದ ರಾಮಮ್ಮನ ಕೂಗು ಬಂತು. ಮರುಕ್ಷಣ ಹೊಲಿಗೆ ಮಿಷನ್ ಗರಗರ ಶುರುವಾಯಿತು, ತಾನೇನೂ ಕೇಳಿಸಿಕೊಂಡಿಲ್ಲ ಎನ್ನುವ ಹಾಗೆ.

ಅವತ್ತು ಸಂಜೆ ಫರ್ಮ್‌ವೇರ್ ಬಿಡುಗಡೆಯಾಯಿತು. ಅದರ ಜೊತೆ ಹೋದ ಟಿಪ್ಪಣಿಯ ಕೊನೆಯ ಸಾಲನ್ನು ಮಾಲವಿಕಾ ಕನ್ನಡದಲ್ಲೇ ಬರೆದಳು, ಓದುವವರು ಹೇಗೆ ಬೇಕೋ ಹಾಗೆ ಓದಿಕೊಳ್ಳಲಿ ಎಂದು.

"ಪರೀಕ್ಷೆಯ ಫೈಲಿನಲ್ಲಿ ಇನ್ನೂರ ಎಂಬತ್ತೇಳು ಬೇರೆ ಧ್ವನಿಯಲ್ಲಿ ಕೇಳಿಸುತ್ತದೆ. ಇದು ದೋಷವಲ್ಲ."